ನೀಲಿ ಕಂಡಲ್ಲೆಲ್ಲ ಕೊರೆದವರು

ನಮ್ಮ ಬಡಾವಣೆಯ ಮಹನೀಯರೊಬ್ಬರು ತಮ್ಮ ಕಾರಿಗೆ ಅಪ್‌ರೈಟನ್ನು ತಾವೇ ಡಿಸೈನ್ ಮಾಡಿದ್ದಾರೆ. ಅಪ್‌ರೈಟ್ ಎಂದರೆ ಚಕ್ರದ ಹಿಂದೆ ಅಡಗಿ ಕೂತ ತುಂಡು. ಹಬ್ಬಿನ ಬೇರಿಂಗು, ಬ್ರೇಕ್ ಕ್ಯಾಲಿಪರು, ಸಸ್ಪೆನ್ಷನ್ ಆರ್ಮು, ಸ್ಟೀರಿಂಗಿನ ಟೈ ರಾಡು ಎಲ್ಲಕ್ಕೂ ಅದೇ ಆಧಾರ. ಗ್ಯಾರೇಜಿನವರು ನಕಲ್ ಎನ್ನುತ್ತಾರೆ. ಇವರಿಗೆ ಆ ಹೆಸರು ಕೇಳಿದರೇ ಅವಮಾನ.

ಕಂಪನಿಯದು ಭಾರವಂತೆ. ಪೀಣ್ಯದಲ್ಲಿ 7075 ಅಲ್ಯೂಮಿನಿಯಂ ದಿಮ್ಮಿ ಕೆತ್ತಿಸಿ ಗ್ರಾಂ ಗ್ರಾಂ ಉಳಿಸಿದರು. ಆಮೇಲೆ ಫೋಟೊಗೆಂದು ದೊಡ್ಡ ಅಲಾಯ್ ವೀಲ್ ಹಾಕಿಸಿದರು. ಹೋದ ಗ್ರಾಂ ಕಿಲೋ ಆಗಿ ಮನೆಗೆ ಬಂತು.

"ಸ್ವಲ್ಪ ಹೊಟ್ಟೆ ಕರಗಿಸಿ ಸಾರ್" ಎಂದೆ.

"ಹೊಟ್ಟೆ ಸ್ಪ್ರಿಂಗಿನ ಮೇಲಿನ ಭಾರ ಕಣ್ರೀ. ಅದು ಲೆಕ್ಕಕ್ಕಿಲ್ಲ. ಚಕ್ರದ ಜೊತೆ ಕುಣಿಯುವ, ಸ್ಪ್ರಿಂಗಿನ ಕೆಳಗಿನ ಭಾರವಷ್ಟೇ ಲೆಕ್ಕ."

ವಿಜ್ಞಾನ ಬೇಕಾದಾಗ ನೆನಪಾಗುತ್ತದೆ.

ಕಂಪ್ಯೂಟರಿನ ಬಣ್ಣದ ಚಿತ್ರ ತೋರಿಸಿದರು. ಕೆಂಪಿದ್ದಲ್ಲಿ ಒತ್ತಡ ಜಾಸ್ತಿ, ನೀಲಿಯಿದ್ದಲ್ಲಿ ಕಮ್ಮಿ. ನೀಲಿ ಕಂಡಲ್ಲೆಲ್ಲ ಕೊರೆದರು. ತಿರುವಿನ ಹೊರೆ ಲೆಕ್ಕ ಹಾಕಿದ್ದರು. ಬ್ರೇಕಿನ ಹೊರೆ ಹಾಕಿದ್ದರು. ಗುಂಡಿಯದು ಹಾಕಿರಲಿಲ್ಲ. ಬೆಂಗಳೂರಿನಲ್ಲಿದ್ದು ಗುಂಡಿ ಮರೆಯುವುದೂ ಒಂದು ಪ್ರತಿಭೆ! ಕೇಳದ ಪ್ರಶ್ನೆಗೆ ಕಂಪ್ಯೂಟರ್ ಉತ್ತರಿಸುವುದಿಲ್ಲ. ರಸ್ತೆ ಉತ್ತರಿಸುತ್ತದೆ.

"7075 ಉಕ್ಕಿನಷ್ಟೇ ಗಟ್ಟಿ" ಎಂದರು. ಮುರಿಯುವ ಲೆಕ್ಕದಲ್ಲಿ ಸಾಧಾರಣ ಉಕ್ಕಿಗೆ ಅದು ಸಮವೇ. ಬಳುಕುವ ಲೆಕ್ಕದಲ್ಲಿ ಅದರ ಬಿಗಿ ಉಕ್ಕಿನ ಮೂರನೇ ಒಂದು ಪಾಲು. ಕ್ಯಾಂಬರನ್ನು, ಅಂದರೆ ಚಕ್ರ ಒಳಗೋ ಹೊರಗೋ ವಾಲುವ ಕೋನವನ್ನು, ಕಾಲು ಡಿಗ್ರಿಗೆ ಅಳೆದು ಕೂರಿಸಿದ್ದಾರೆ. ಕೊರೆದು ತೆಳುವಾದ ತುಂಡು ತಿರುವಿನಲ್ಲಿ ಬಳುಕಿದರೆ ಆ ಕಾಲು ಡಿಗ್ರಿ ಗೋವಿಂದ.

ಕಂಪನಿಯವರು ದಡ್ಡರಲ್ಲ. ಗುಂಡಿಗೆ ಬಿದ್ದರೆ ಬಾಗಲಿ, ಮುರಿಯದಿರಲಿ ಎಂದೇ ಆ ಭಾರ ಇಟ್ಟಿದ್ದಾರೆ. ಉಕ್ಕಿಗೆ ಒಂದು ಮಿತಿಯುಂಟು, ಅದರೊಳಗಿನ ಏಟನ್ನು ಎಷ್ಟು ಸಲವಾದರೂ ತಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಬಡ್ಡಿ ಸಾಹುಕಾರನ ಹಾಗೆ ಪ್ರತಿ ಏಟನ್ನೂ ಬರೆದಿಟ್ಟುಕೊಳ್ಳುತ್ತದೆ.

"ಇದಕ್ಕೆ ಆಯಸ್ಸೆಷ್ಟು?" ಎಂದೆ. "ಲೈಫ್‌ಟೈಮ್" ಎಂದರು. ಯಾರದ್ದೆಂದು ಹೇಳಲಿಲ್ಲ.

ತಯಾರಕರ ಮೂಲ ನಮೂನೆಗೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಪೊಲೀಸರು ಅರಚುವ ಸೈಲೆನ್ಸರ್ ಹಿಡಿಯುತ್ತಾರೆ. ಅಪ್‌ರೈಟ್ ಅರಚುವುದಿಲ್ಲ. ಅರಚಿದರೆ ಒಂದೇ ಸಲ.

ಅಷ್ಟು ಆಸೆಯಿದ್ದರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿ ಸಾರ್. ಅಲ್ಲಿ ನಿಮ್ಮ ಪಕ್ಕದಲ್ಲಿ ಮಗುವನ್ನು ಸ್ಕೂಟರಿನಲ್ಲಿ ಶಾಲೆಗೆ ಬಿಡುವ ತಾಯಿ ಇರುವುದಿಲ್ಲ. ರಸ್ತೆಗೆ ಬರುವಾಗ ಕಂಪನಿಯ ನಕಲೇ ಇರಲಿ.