ಮೀಟರ್ ಭಾವ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ರಸ್ತೆ ಎಷ್ಟು ಸ್ವಚ್ಛ, ಅನ್ನ-ಸಾರಿಗೆ ಎಷ್ಟು ಪರದಾಟ ಅಂತೆಲ್ಲ ಹೇಳುತ್ತಾರೆ. ನಮ್ಮ ಭಾವ ಟ್ಯಾಕ್ಸಿಯ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಪ್ಯಾರಿಸ್ಸಿಗೆ ಹೋಗಿದ್ದೆ ಎಂದು ಯಾರಾದರೂ ಬಾಯಿಬಿಟ್ಟರೆ ಮುಗಿಯಿತು. ಐಫೆಲ್ ಗೋಪುರ ಹತ್ತಿದಿರಾ ಎಂದು ಅವರು ಕೇಳುವವರಲ್ಲ. ಟ್ಯಾಕ್ಸಿ ನೆತ್ತಿಯ ಮೇಲಿನ ದೀಪ ಹಸಿರಿತ್ತೋ ಕೆಂಪಿತ್ತೋ ಎಂದು ಕೇಳುತ್ತಾರೆ. ಎದುರಿನವರು ತಡವರಿಸಿದರೆ, "ಹಸಿರಿದ್ರೆ ಖಾಲಿ, ಕೆಂಪಿದ್ರೆ ಒಳಗೆ ಜನ ಇದಾರೆ ಅಂತ ಅರ್ಥ. ಟೋಕಿಯೋದಲ್ಲಿ ಉಲ್ಟಾ, ಗಾಜಿನಲ್ಲಿ ಕೆಂಪು ಅಕ್ಷರ ಉರೀತಿದ್ರೇನೇ ಖಾಲಿ. ಇಷ್ಟೂ ನೋಡದೆ ಅಷ್ಟು ದೂರ ಹೋಗಿ ಬಂದ್ರಾ?" ಎಂದು ಮರುಗುತ್ತಾರೆ.

ಈ ಜಾತಿಯವರು ಈಗ ಬಡಾವಣೆಗೊಬ್ಬರಾದರೂ ಸಿಗುತ್ತಾರೆ. ನಿವೃತ್ತರು, ಹೊರದೇಶದಲ್ಲಿ ಮಗಳೋ ಮಗನೋ ಇರುವವರು, ಪಾಸ್‌ಪೋರ್ಟಿಗೆ ಬೈಂಡು ಹಾಕಿಸಿದವರು, ಜೇಬಿನಲ್ಲಿ ಸದಾ ಒಂದು ಪುಟಾಣಿ ನೋಟ್‌ಬುಕ್ಕು ಇಟ್ಟವರು. ಭಾವನವರು ಆಡಿಟ್‌ನಲ್ಲಿ ಇದ್ದವರಾದ್ದರಿಂದ ಆ ನೋಟ್‌ಬುಕ್ಕಿನ ಪುಟಗಳಿಗೆ ಕಾಲಂ ಬೇರೆ ಎಳೆದಿರುತ್ತದೆ. ಯಾವ ಊರಿಗೆ ಹೊರಟರೂ ವೀಸಾ ಅರ್ಜಿಗಿಂತ ಮುಂಚೆ ಅಲ್ಲಿಯ ಟ್ಯಾಕ್ಸಿ ಕಾನೂನು ಓದುತ್ತಾರೆ. ಎಲ್ಲಿ ನಿಂತು ಕೈ ತೋರಿಸಬೇಕು, ಎಲ್ಲಿ ತೋರಿಸಬಾರದು, ಟಿಪ್ಸು ಕೊಟ್ಟರೆ ಮರ್ಯಾದೆಯೋ ಅವಮಾನವೋ, ಎಲ್ಲಕ್ಕೂ ಒಂದೊಂದು ಸಾಲು. ಕೊನೆಯ ಕಾಲಂ ಮಾತ್ರ ಕೆಂಪು ಇಂಕಿನದು: ಬರಲ್ಲ ಅಂದರೆ ಏನು ಶಿಕ್ಷೆ.

ಆ ಕೆಂಪು ಇಂಕಿನ ಮೂಲ ಬೆಂಗಳೂರಿನಲ್ಲಿದೆ. ಸರ್ವಿಸಿನ ಅಷ್ಟೂ ವರ್ಷ ಅವರು ಆಟೋದವರ ಮುಂದೆ ನಿಂತು ಸೋತವರು. "ಎಲ್ಲಿಗೆ?" ಎಂದು ಆಟೋ ನಿಧಾನವಾಗುತ್ತಿತ್ತು. ಇವರು "ಬಸವನ..." ಎನ್ನುವಷ್ಟರಲ್ಲಿ ಆತ ತಲೆ ಅಲ್ಲಾಡಿಸಿ ಹೊರಟಾಗಿರುತ್ತಿತ್ತು, "ಗುಡಿ"ಯನ್ನು ಹೊಗೆಗೆ ಹೇಳಬೇಕಾಗುತ್ತಿತ್ತು. ಮೀಟರ್ ಮೇಲೆ ಎಕ್ಸ್‌ಟ್ರಾ, ಒನ್ ಅಂಡ್ ಹಾಫ್, ಗ್ಯಾಸ್ ಇಲ್ಲ, ಆ ಕಡೆ ಹೋದರೆ ರಿಟರ್ನ್ ಸಿಗಲ್ಲ. ರಾತ್ರಿ ಹತ್ತರ ಮೇಲೆ ಒಂದೂವರೆ ಪಟ್ಟು ಕೇಳಿದರೆ ಮಾತ್ರ ಭಾವ ಒಂದೇ ಒಂದು ಮಾತಾಡದೆ ಕೊಡುತ್ತಿದ್ದರು, ಅದು ರೂಲ್ಸಿನಲ್ಲಿದೆ. ಒಂಬತ್ತು ಐವತ್ತಕ್ಕೆ ಕೇಳಿದರೆ ಹತ್ತು ನಿಮಿಷ ಅಲ್ಲೇ ನಿಂತು ವಾದ ಮಾಡಿ, ಹತ್ತಾದ ಮೇಲೆ ಒಂದೂವರೆಯನ್ನೇ ಕೊಟ್ಟು ಬರುತ್ತಿದ್ದರು. ಮನೆಯಲ್ಲಿ ಮೀಟರ್ ಭಾವ ಎಂಬ ಹೆಸರು ಬಿದ್ದದ್ದು ಆಗಲೇ.

ನಾನಾದರೋ "ಬರಲ್ಲ" ಅಂದವನಿಗೆ ಥ್ಯಾಂಕ್ಸ್ ಹೇಳಿ ನಡೆದುಕೊಂಡು ಹೋಗುವವನು. ಶುಗರ್ ಹದ್ದಿನಲ್ಲಿದೆ, ವಾಕಿಂಗ್ ಮಾಡ್ತೀರಾ ಎಂದು ಡಾಕ್ಟರು ಮೆಚ್ಚಿ ಕೇಳಿದಾಗ, ಅದರ ಕೀರ್ತಿ ಆಟೋದವರಿಗೆ ಸಲ್ಲಬೇಕು ಎಂದು ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಲಂಡನ್ನಿಗೆ ಹೋದಾಗ ಭಾವನವರಿಗೆ ಮೊದಲ ಸಲ ಕಾನೂನು ತಮ್ಮ ಪಕ್ಷದಲ್ಲಿದೆ ಅನ್ನಿಸಿತು. ಅಲ್ಲಿಯ ಕಪ್ಪು ಟ್ಯಾಕ್ಸಿಯವರು ಲೈಸೆನ್ಸಿಗೆ 'ನಾಲೆಡ್ಜ್' ಎಂಬ ಪರೀಕ್ಷೆ ಪಾಸು ಮಾಡಬೇಕು. ಚೇರಿಂಗ್ ಕ್ರಾಸಿನ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು ಬಾಯಿಗೆ ಬರಬೇಕು. 1865ರಿಂದ ನಡೆದು ಬಂದ ಪದ್ಧತಿ. ಪಾಸಾಗಲು ಮೂರು ನಾಲ್ಕು ವರ್ಷ ಹಿಡಿಯುವುದುಂಟು. ಕಿತ್ತಳೆ ದೀಪ ಉರಿಯುತ್ತಿದ್ದರೆ ಕೈ ತೋರಿಸಬೇಕು, ಫುಟ್‌ಪಾತಿನಲ್ಲೇ ನಿಂತು ಕಿಟಕಿಯಲ್ಲಿ ಊರು ಹೇಳಿ ಆಮೇಲೆ ಹತ್ತಬೇಕು. ಕೈ ತೋರಿಸಿದ ಮಾತ್ರಕ್ಕೆ ಅವನು ನಿಲ್ಲಿಸಲೇಬೇಕೆಂದೇನೂ ಇಲ್ಲ. ನಿಲ್ಲಿಸಿದನೋ, ಹನ್ನೆರಡು ಮೈಲಿಯವರೆಗೆ ಸರಿಯಾದ ಕಾರಣ ಇಲ್ಲದೆ ಬರಲ್ಲ ಅನ್ನುವಂತಿಲ್ಲ. ಹೀಥ್ರೂ ವಿಮಾನ ನಿಲ್ದಾಣದಿಂದಾದರೆ ಇಪ್ಪತ್ತು ಮೈಲಿ. ಇದನ್ನು ಓದಿದ ದಿನವೇ ಭಾವ ನಕಾಶೆ ಹರವಿಕೊಂಡು ಕೂತರು. ಮಗಳ ಮನೆ ಹನ್ನೆರಡರ ಗೆರೆಯಿಂದ ಚೂರು ಆಚೆ ಬಿತ್ತು. "ಮನೆ ತಗೊಳೋಕೆ ಮುಂಚೆ ಒಂದು ಮಾತು ವಿಚಾರಿಸಬಾರದಿತ್ತೇನಮ್ಮಾ?" ಎಂದು ಅವಳನ್ನು ಕೇಳಿದರಂತೆ. ಅವಳು ಸ್ಕೂಲು, ಪಾರ್ಕು, ಸ್ಟೇಷನ್ನು ಎಲ್ಲ ವಿಚಾರಿಸಿದ್ದಳು ಪಾಪ.

ಟೋಕಿಯೋದಲ್ಲಿ ಹಿಂದಿನ ಎಡಬಾಗಿಲನ್ನು ಡ್ರೈವರೇ ಕೂತಲ್ಲಿಂದ ತೆರೆದು ಮುಚ್ಚುತ್ತಾನೆ. ನಾವು ಮುಟ್ಟುವಂತಿಲ್ಲ, ಟಿಪ್ಸು ಕೊಡುವಂತಿಲ್ಲ. ಈ ಎರಡೂ ನಿಯಮ ಭಾವನವರಿಗೆ ಎಷ್ಟು ಹಿಡಿಸಿದವೆಂದರೆ, ಟಿಪ್ಸಿನದನ್ನು ಅವರು ಎಲ್ಲ ದೇಶಗಳಿಗೂ ಅನ್ವಯಿಸಿಕೊಂಡರು.

ನ್ಯೂಯಾರ್ಕಿನದು ಬೇರೆಯೇ ವಿದ್ಯೆ. ಹಳದಿ ಟ್ಯಾಕ್ಸಿಯ ತಲೆಯ ಮೇಲಿನ ನಂಬರು ಬೆಳಗಿದ್ದರೆ ಖಾಲಿ. ಕಿಟಕಿಯಲ್ಲಿ ಬಗ್ಗಿ ಎಲ್ಲಿಗೆ ಎಂದು ಹೇಳಬಾರದು. ಮೊದಲು ಹತ್ತಿ ಕೂರಬೇಕು, ಬಾಗಿಲು ಹಾಕಬೇಕು, ಆಮೇಲೆ ಬ್ರೂಕ್ಲಿನ್ ಅನ್ನಬೇಕು. ನಗರದ ಐದು ಬರೋಗಳೊಳಗೆ ಎಲ್ಲಿಗೆ ಅಂದರೂ ಅವನು ಬರಲೇಬೇಕು, ಇಲ್ಲವಾದರೆ 311ಕ್ಕೆ ಫೋನು ಮಾಡಿ ದೂರು ಕೊಡಬಹುದು. ಈ ಭಾಗ ಹೇಳುವಾಗ ಭಾವನವರ ದನಿ ಸ್ವಲ್ಪ ಇಳಿಯುತ್ತದೆ. ಡ್ಯಾನಿ ಗ್ಲೋವರ್ ಎಂಬ ಕಪ್ಪು ನಟ, ಹಾಲಿವುಡ್ಡಿನ ದೊಡ್ಡ ಹೆಸರು, 1999ರಲ್ಲಿ ಅಲ್ಲಿಯ ಟ್ಯಾಕ್ಸಿಗಳು ತನ್ನನ್ನು ಕಂಡೂ ಹೊರಟುಹೋದವು ಎಂದು ದೂರು ಕೊಟ್ಟರು. ಅದಾದ ಮೇಲೆ ನಗರದವರು 'ಆಪರೇಷನ್ ರೆಫ್ಯೂಸಲ್' ಎಂದು ಹೆಸರಿಟ್ಟು ಬರಲ್ಲ ಅನ್ನುವವರನ್ನು ಹಿಡಿಯತೊಡಗಿದರು. "ಅಂಥ ಮನುಷ್ಯನಿಗೇ ಹಾಗೆ ಅಂದ್ರೆ, ದಿನಾ ಕೂಲಿ ಮಾಡಿ ಮನೆಗೆ ಹೋಗೋವ್ರನ್ನ ಎಷ್ಟು ಸಲ ಬಿಟ್ಟು ಹೋಗಿರಬೇಡ ಕಣಯ್ಯಾ. ರೂಲ್ಸು ಅಂದ್ರೆ ನೀವೆಲ್ಲ ನಗ್ತೀರಿ," ಎನ್ನುತ್ತಾರೆ. ಅಂಥ ಹೊತ್ತಿನಲ್ಲಿ ಅವರನ್ನು ಕಂಡರೆ ನನಗೆ ನಿಜಕ್ಕೂ ಗೌರವ ಬರುತ್ತದೆ. ಮರುದಿನ ಅವರ ಜತೆ ರಸ್ತೆಗಿಳಿದರೆ ಹೋಗುತ್ತದೆ.

ಹಾಂಗ್‌ಕಾಂಗಿನಲ್ಲಿ ಹಾಗೇ ಆಯಿತು. ಅಕ್ಕ, ಭಾವ, ನಾನು ಮೂವರೂ ಕೌಲೂನ್ ಬದಿಯ ಚಿಮ್ ಶಾ ಚೊಯ್‌ನಲ್ಲಿದ್ದೆವು. ಹೋಟೆಲು ಆಚೆ ದಡದ ವಾನ್ ಚಾಯ್‌ನಲ್ಲಿ. ನಡುವೆ ಸಮುದ್ರ. ದಾಟಲು ಸ್ಟಾರ್ ಫೆರಿ ಇದೆ, 1898ರಿಂದ ಅದೇ ಹೆಸರಿನ ಕಂಪನಿಯ ದೋಣಿಗಳು ಓಡುತ್ತಿವೆ. ಹತ್ತು ನಿಮಿಷದ ದಾರಿ, ಬಿಡಿಗಾಸಿನ ಟಿಕೆಟ್ಟು. ಅದು ನಮ್ಮ ಕಣ್ಣೆದುರೇ ನಿಂತಿತ್ತು. "ಭಾವ, ಫೆರಿ ಇದೆಯಲ್ಲ," ಎಂದೆ. "ನಿಮ್ಮಕ್ಕನಿಗೆ ಮಂಡಿನೋವು," ಎಂದರು. ಅಕ್ಕ ಬೆಳಗಿನಿಂದ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿದು, ಇನ್ನೂ ಒಂದು ಬೀದಿ ಬಾಕಿ ಇದೆ ಎಂದು ಗೊಣಗುತ್ತಿದ್ದಳು.

ನಗರದಲ್ಲಿ ಕೆಂಪು ಟ್ಯಾಕ್ಸಿಗಳೇ 15,250 ಇವೆ ಎಂದು ಭಾವ ಧೈರ್ಯ ತುಂಬಿದರು. ಹಸಿರು ನ್ಯೂ ಟೆರಿಟರೀಸ್‌ನದು, ನೀಲಿ ಲಾಂಟೌ ದ್ವೀಪದ್ದು, ಅವುಗಳ ತಂಟೆ ಬೇಡ. ಬರಲ್ಲ ಅಂದವನಿಗೆ ಹತ್ತು ಸಾವಿರ ಡಾಲರ್ ದಂಡ, ಆರು ತಿಂಗಳ ಜೈಲಿನವರೆಗೂ ಹೋಗಬಹುದು. ಇದನ್ನು ಅವರು ಜಾಮೂನು ಬಡಿಸುವವರ ಮುಖಮಾಡಿಕೊಂಡು ಹೇಳಿದರು. ರಸ್ತೆಯಂಚಿಗೆ ಜೋಡಿ ಹಳದಿ ಗೆರೆ ಇರುವಲ್ಲಿ ಟ್ಯಾಕ್ಸಿ ನಿಲ್ಲುವಂತಿಲ್ಲ ಎಂದು ನಮ್ಮನ್ನು ಅಲ್ಲಿಂದ ನಡೆಸಿದರು. ಸುರಂಗದಲ್ಲಿ ಸಮುದ್ರ ದಾಟಿದರೆ ಹೋಗುವ ಟೋಲು 25 ಡಾಲರಿನ ಜತೆಗೆ, ಡ್ರೈವರು ವಾಪಸು ಬರುವ ಟೋಲು 25 ಡಾಲರನ್ನೂ ನಾವೇ ಕೊಡಬೇಕು. ಆದರೆ ಸಮುದ್ರ ದಾಟುವವರಿಗೆಂದೇ ಇರುವ ಸ್ಟ್ಯಾಂಡಿನಲ್ಲಿ ಹತ್ತಿದರೆ ವಾಪಸಿನದು ಇಲ್ಲ. ಆ ಉಳಿತಾಯಕ್ಕೋಸ್ಕರ ಮತ್ತೆ ನಡೆದೆವು. ಅಕ್ಕನ ಮಂಡಿ ಈಗ ನಿಜವಾಗಿ ನೋಯತೊಡಗಿತು. ಸ್ಟ್ಯಾಂಡು ಸಿಕ್ಕಿತು, ಉದ್ದದ ಕ್ಯೂ ಇತ್ತು, ಟ್ಯಾಕ್ಸಿ ಇರಲಿಲ್ಲ.

ಆಗ ಭಾವ ಕೊನೆಯ ಅಸ್ತ್ರ ತೆಗೆದರು. ಅಲ್ಲಿಯ ಕೆಲವು ಡ್ರೈವರುಗಳು ಮೀಟರಿನ ಬಾವುಟದ ಮೇಲೆ 'ಸೇವೆಯಲ್ಲಿಲ್ಲ' ಎಂಬ ಹಲಗೆ ಸಿಕ್ಕಿಸಿಕೊಂಡು ಓಡಾಡುತ್ತಾರೆ. ಸೇವೆಯಲ್ಲಿ ಇದ್ದೇ ಇರುತ್ತಾರೆ, ಸಮುದ್ರ ದಾಟುವವರು ಸಿಗಲಿ ಎಂದು ಕಾಯುತ್ತಿರುತ್ತಾರೆ, ಅಷ್ಟೇ. ಅಂಥವರಿಗೆ ಬಾಯಲ್ಲಿ ಹೇಳಬೇಕಿಲ್ಲ, ಅಂಗೈಯನ್ನು ಅಲೆ ಏಳುವ ಹಾಗೆ ಬಳುಕಿಸಿ ತೋರಿಸಿದರೆ ಸಾಕು. ಭಾವ ರಸ್ತೆಯಂಚಿಗೆ ಹೋಗಿ ಬಳುಕಿಸಿದರು. ಒಂದು ಕೈಯಲ್ಲಿ ಆಗದಿದ್ದಾಗ ಎರಡೂ ಕೈಯಲ್ಲಿ. ದಾರಿಹೋಕ ಅಜ್ಜಿಯೊಬ್ಬಳು ನಿಂತು ನೋಡಿ, ತಾನೂ ಒಂದು ಸಲ ಹಾಗೆ ಮಾಡಿ, ತಲೆದೂಗಿ ಹೋದಳು. ಬೆಳಗಿನ ವ್ಯಾಯಾಮ ಸಂಜೆ ಮಾಡುತ್ತಿದ್ದಾರೆ ಎಂದುಕೊಂಡಿರಬೇಕು. ನಾನು ಫೆರಿಯ ಕಡೆ ನೋಡುತ್ತ ಇವರು ನನ್ನವರಲ್ಲ ಎಂಬಂತೆ ನಿಂತೆ.

ಕೊನೆಗೂ ಹಲಗೆ ಸಿಕ್ಕಿಸಿದ ಕೆಂಪು ಟ್ಯಾಕ್ಸಿಯೊಂದು ನಿಂತಿತು. ಹಿಂದಿನ ಬಾಗಿಲು ತಾನಾಗಿ ತೆರೆಯಿತು, ಅಲ್ಲಿಯೂ ಡ್ರೈವರೇ ತೆರೆಯುತ್ತಾನೆ. ಹೋಟೆಲಿನವರು ಚೀನೀ ಅಕ್ಷರದಲ್ಲಿ ಬರೆದುಕೊಟ್ಟ ಚೀಟಿಯನ್ನು ಭಾವ ತೋರಿಸಬೇಕಿತ್ತು, ತೋರಿಸಲಿಲ್ಲ. ನ್ಯೂಯಾರ್ಕ್ ವಿಧಾನದಂತೆ ಮೊದಲು ಹತ್ತಿದರು, ನಮ್ಮನ್ನೂ ಎಳೆದುಕೊಂಡರು, ಆಮೇಲೆ ಚೀಟಿ ಮುಂದಕ್ಕೆ ಚಾಚಿದರು. ಡ್ರೈವರ್ ಓದಿ, "ನೋ, ನೋ. ಚೇಂಜ್ ಶಿಫ್ಟ್," ಎಂದ. ಭಾವ ದಂಡದ ಮೊತ್ತ ಹೇಳಿದರು. ಆತ ಕ್ಯಾಂಟನೀಸ್‌ನಲ್ಲಿ ಏನೋ ದೀರ್ಘವಾಗಿ ಹೇಳಿದ. ಭಾವ ಜೈಲಿನ ಅವಧಿ ಹೇಳಿದರು. ಆತ ಒಮ್ಮೆ ಗಡಿಯಾರ ನೋಡಿಕೊಂಡ, ಒಮ್ಮೆ ಕನ್ನಡಿಯಲ್ಲಿ ನಮ್ಮ ಮೂರೂ ಮುಖ ನೋಡಿದ, ಬಾಗಿಲು ಮುಚ್ಚಿ ಹೊರಟ. "ನೋಡಿದ್ಯಾ?" ಎಂದರು ಭಾವ.

ನೋಡುತ್ತಲೇ ಇದ್ದೆ. ಸಮುದ್ರ ಹಿಂದಾಗುತ್ತಿತ್ತು. ಮೀಟರಿನ ಬಾವುಟ ಇಳಿದಿರಲಿಲ್ಲ. "ಮೀಟರ್! ಮೀಟರ್!" ಎಂದು ಭಾವ ಕೂಗಿದರೆ ಆತ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ಯಾವುದೋ ಮೇಲ್ಸೇತುವೆಯ ಕೆಳಗೆ, ಗ್ಯಾಸ್ ತುಂಬುವ ಬಂಕಿನ ಹತ್ತಿರ ನಿಲ್ಲಿಸಿದ. ಸಾಲಾಗಿ ಕೆಂಪು ಟ್ಯಾಕ್ಸಿಗಳು, ಗಾಜು ಒರೆಸುವವರು, ಫ್ಲಾಸ್ಕು ಹಿಡಿದು ನಿಂತವರು. ಅವರಲ್ಲೊಬ್ಬ ಹತ್ತಿರ ಬಂದ. ನಮ್ಮವನು ಇಳಿದು, ಕೀ ಕೊಟ್ಟು, ನಮ್ಮ ಕಡೆ ಬೆರಳು ತೋರಿಸಿ ಏನೋ ಹೇಳಿದ. ಇಬ್ಬರೂ ಬಗ್ಗಿ ಭಾವನವರನ್ನು ನೋಡಿದರು. ಚಾರ್ಜು ಒಪ್ಪಿಸುವ ದಿನ ಬಾಕಿ ಫೈಲುಗಳ ಪಟ್ಟಿಗೆ ಸೇರಿದವರ ಹಾಗೆ ಭಾವ ಸೆಟೆದು ಕೂತಿದ್ದರು.

ಹೊಸಬನಿಗೆ ಇಂಗ್ಲಿಷು ಬರುತ್ತಿತ್ತು. ಬಾವುಟ ಇಳಿಸಿ, 29 ಡಾಲರಿನಿಂದ ಶುರು ಮಾಡಿ, ಸುರಂಗದ ಕಡೆ ತಿರುಗಿಸಿದ. ಕಾರು ಅವರಿಬ್ಬರದೂ ಅಲ್ಲವಂತೆ. ಲೈಸೆನ್ಸು ಒಡೆಯನದು, ಇವರು ಹಗಲಿಗೊಬ್ಬ ಇರುಳಿಗೊಬ್ಬ ಬಾಡಿಗೆಗೆ ಹಿಡಿಯುತ್ತಾರೆ. ನಾಲ್ಕರ ಸುಮಾರಿಗೆ ಕೈ ಬದಲಾಯಿಸಬೇಕು. ಆ ಹೊತ್ತಿನಲ್ಲಿ ಸುರಂಗಕ್ಕೆ ಹೋದವನು ಯಾವಾಗ ವಾಪಸು ಬಂದಾನು? ತಡವಾದಷ್ಟೂ ನಷ್ಟ ಕಾದು ನಿಂತವನಿಗೆ, ಬಾಡಿಗೆಯೇನೂ ಕಡಿಮೆಯಾಗುವುದಿಲ್ಲ. ಕಾಯುತ್ತಿದ್ದವನು ಇವನೇ. ಇದನ್ನು ಆತ ದೂರಿನ ದನಿಯಲ್ಲಿ ಹೇಳಲಿಲ್ಲ, ಟ್ರಾಫಿಕ್ ನೋಡುತ್ತ ಸುಮ್ಮನೆ ಹೇಳಿದ.

ಸುರಂಗದುದ್ದಕ್ಕೂ ಭಾವ ಮಾತಾಡಲಿಲ್ಲ. ನಾವು ಮೊದಲು ಸಮುದ್ರ ದಾಟುವ ಸ್ಟ್ಯಾಂಡಿನಲ್ಲೇ ನಿಂತಿದ್ದೆವು, ಆದ್ದರಿಂದ ವಾಪಸಿನ ಟೋಲು ನಮಗೆ ತಗಲುವುದಿಲ್ಲ ಎಂಬ ವಾದ ಅವರಲ್ಲಿ ಸಿದ್ಧವಿತ್ತು ಎಂದು ನನಗೆ ಗೊತ್ತು, ಅವರ ತುಟಿ ಅಲ್ಲಾಡುತ್ತಿತ್ತು. ಇಳಿದಾಗ ಎರಡೂ ಟೋಲು ಕೊಟ್ಟು, ಚಿಲ್ಲರೆಯನ್ನೂ ಬಿಟ್ಟುಬಂದರು. ಟೋಕಿಯೋ ನಿಯಮ ಮುರಿದದ್ದನ್ನು ಅಕ್ಕನೂ ನಾನೂ ನೋಡದ ಹಾಗಿದ್ದೆವು. ರಾತ್ರಿ ನನ್ನ ರೂಮಿಗೆ ಬಂದರು, ಕೈಯಲ್ಲಿ ನೋಟ್‌ಬುಕ್ಕು. "ಆ ಮೊದಲನೆಯವನು ಅಷ್ಟು ದೂರ ಕರಕೊಂಡು ಬಂದು ಒಂದು ಕಾಸೂ ಮುಟ್ಟಲಿಲ್ಲ. ಮೀಟರ್ ಹಾಕದೆ ಓಡಿಸಿದ್ದು ತಪ್ಪು. ಇದನ್ನ ಯಾವ ಹೆಡ್ಡಿಗೆ ಹಾಕೋದಯ್ಯಾ?" ಎಂದರು. ಹೊಳೆಯದೆ ಆ ಸಾಲು ಖಾಲಿ ಬಿಟ್ಟರು.

ಈಗ ಈ ವಿದ್ಯೆಯೆಲ್ಲ ವ್ಯರ್ಥವಾಗುತ್ತಿದೆ. ಎಲ್ಲ ಊರಿನಲ್ಲೂ ಜನ ತಲೆ ಬಗ್ಗಿಸಿ ಮೊಬೈಲಿನಲ್ಲೇ ಟ್ಯಾಕ್ಸಿ ಕರೆಯುತ್ತಾರೆ. ಕೈ ಎತ್ತಿ ನಿಂತವರು ಭಾವನವರೊಬ್ಬರೇ. ಮಗಳು ಅವರ ಫೋನಿಗೂ ಆಪ್ ಹಾಕಿಕೊಟ್ಟಿದ್ದಾಳೆ. ಮೊನ್ನೆ ಬೆಂಗಳೂರಿನಲ್ಲೇ ಅವರ ಪಕ್ಕ ನಿಂತಿದ್ದೆ. ಪುಟ್ಟ ಕಾರಿನ ಚಿತ್ರ ನಾಲ್ಕು ನಿಮಿಷ ದೂರಕ್ಕೆ ಬಂತು, ಮೂರಕ್ಕೆ ಬಂತು, ಸಿಗ್ನಲಿನಲ್ಲಿ ನಿಂತಿತು, ಅತ್ತ ತಿರುಗಿ ಮಾಯವಾಯಿತು. ಡ್ರೈವರ್ ಕ್ಯಾನ್ಸಲ್ ಮಾಡಿದ್ದಾರೆ, ಬೇರೆಯದನ್ನು ಹುಡುಕುತ್ತಿದ್ದೇವೆ ಎಂಬ ಸಾಲು ಬಂತು. ಭಾವ ನೋಟ್‌ಬುಕ್ಕು ತೆಗೆದರು. ಬರೆಯಲು ಮುಖವಿಲ್ಲ, ಬಾಗಿಲ ಮೇಲಿನ ನಂಬರಿಲ್ಲ, ಗ್ಯಾಸ್ ಇಲ್ಲ ಎಂಬ ಸುಳ್ಳೂ ಇಲ್ಲ. ಮುಖಕ್ಕೇ ಬರಲ್ಲ ಅಂದವನ ಜತೆ ಎರಡು ಮಾತು ಆಡಬಹುದಿತ್ತು. ರೇಗಿದರೆ ಅವನೂ ರೇಗುತ್ತಿದ್ದ, ಒಮ್ಮೊಮ್ಮೆ ಸೋತು "ಹತ್ತಿ ಸಾರ್" ಎನ್ನುತ್ತಿದ್ದ. ನನ್ನಂಥವನಿಗೆ ಈ ಹೊಸ ಏರ್ಪಾಡೇ ವಾಸಿ, ಥ್ಯಾಂಕ್ಸ್ ಹೇಳುವ ಕೆಲಸವೂ ಉಳಿಯಿತು. ಆದರೂ ಅವರು ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದ್ದು ನೋಡಿ, ಹಾಂಗ್‌ಕಾಂಗಿನಲ್ಲಿ ಫೆರಿಯ ಕಡೆ ಮುಖ ತಿರುಗಿಸದೆ ನಾನೂ ಒಂದು ಕೈ ಬಳುಕಿಸಬಹುದಿತ್ತಲ್ಲ ಅನ್ನಿಸಿತು.

ಬರುವ ಚಳಿಗಾಲಕ್ಕೆ ಬ್ಯಾಂಕಾಕ್ ಎಂದು ತೀರ್ಮಾನವಾಗಿದೆ. ಅಲ್ಲಿ ಮೀಟರು 35 ಬಾತ್‌ನಿಂದ ಶುರು, ಖಾಲಿ ಟ್ಯಾಕ್ಸಿಗೆ ಗಾಜಿನ ಹಿಂದೆ ಕೆಂಪು ದೀಪ, ಅಂಗೈ ಕೆಳಮುಖ ಮಾಡಿ ಕೈ ಆಡಿಸಬೇಕು, ಮೇಲ್ಮುಖ ಮಾಡಿದರೆ ಒರಟುತನ. ದೂರಿಗೆ 1584, ಆ ನಂಬರು ಭಾವನವರ ಫೋನಿನಲ್ಲಿ ಮಗಳ ನಂಬರಿಗಿಂತ ಮೇಲಿದೆ. ಗಾಡಿ ವಾಪಸು ಕೊಡಬೇಕು, ಗ್ಯಾಸ್ ಇಲ್ಲ ಎಂದು ಅಲ್ಲಿಯವರೂ ಹೇಳುತ್ತಾರೆಂದು ಓದಿ ಅವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ರೀ, ಈ ಸಲ ಟೂರಿನವರ ಜತೆ ಹೋಗೋಣ, ಅವರದೇ ಬಸ್ಸಿರುತ್ತೆ," ಎಂದಳು ಅಕ್ಕ.

"ಬಸ್ಸಿನವನು ಎಲ್ಲಿಗೆ ಅಂದ್ರೂ ಬರ್ತಾನೆ ಕಣೇ," ಎಂದರು ಭಾವ. "ಅದಕ್ಕೆ ಅಷ್ಟು ದೂರ ಹೋಗಬೇಕಾ?"