ಭಾಲ್ಕಿ ಒಳಗೆ, ಬೀದರ್ ಹೊರಗೆ

ನಮ್ಮ ಮನೆಯ ರೂಟರು ಭಾಲ್ಕಿಯನ್ನು ಒಪ್ಪಲಿಲ್ಲ. ಕೆಂಪಕ್ಷರದಲ್ಲಿ, ಈ ವಿಳಾಸ ಸರಿಯಿಲ್ಲ ಎಂದು ಮಾವನವರ ಮುಖಕ್ಕೇ ಹೇಳಿಬಿಟ್ಟಿತು. ಭಾಲ್ಕಿ, ಔರಾದ್, ಬೀದರ್ ಮೂರೂ ಕಡೆ ಪೋಸ್ಟ್‌ಮಾಸ್ಟರಾಗಿದ್ದು ನಿವೃತ್ತರಾದವರಿಗೆ ಕೆನಡಾದ ಬ್ರಾಂಪ್ಟನ್ನಿನ ಒಂದು ಪ್ಲಾಸ್ಟಿಕ್ ಡಬ್ಬಿ ಹೀಗನ್ನುವುದೇ? ಭಾನುವಾರದಿಂದ ನನಗೆ ನಗು ತಡೆಯಲಾಗುತ್ತಿಲ್ಲ. ನಡುನಡುವೆ ಸಿಟ್ಟೂ ಬರುತ್ತದೆ. ಅದರ ಕಾರಣ ಮುಂದಿದೆ.

ಎಲ್ಲಕ್ಕೂ ಮೂಲ ಅತ್ತೆಯ ಧಾರಾವಾಹಿ. ಮೊಮ್ಮಗ ಹೋಂವರ್ಕ್ ಪ್ರಿಂಟ್ ಕೊಟ್ಟಾಗಲೆಲ್ಲ ಟಿವಿಯೊಳಗಿನ ಸೊಸೆ ಬಾಯಿ ತೆರೆದಂತೆಯೇ ನಿಂತುಬಿಡುತ್ತಿದ್ದಳು. "ಪ್ರಿಂಟರ್‌ದು ಕಣ್ಣ್ ಬಿದ್ದದ" ಎಂದು ಅತ್ತೆ ತೀರ್ಪು ಕೊಟ್ಟಿದ್ದರು. ನನ್ನ ಗಂಡ ನೆಟ್‌ವರ್ಕ್ ಎಂಜಿನಿಯರ್. ಊರವರ ಜಾಲವನ್ನೆಲ್ಲ ಕಾಯುವುದರಿಂದ ಮನೆಯ ರೂಟರಿಗೆ ಅವರಿಗೆ ಪುರಸೊತ್ತಿಲ್ಲ, ಅದು ಹತ್ತು ವರ್ಷದ ಮಗನ ಖಾತೆ. ಅವನು ಒಳಹೊಕ್ಕು ನೋಡಿ, ಟಿವಿಗೂ ಪ್ರಿಂಟರಿಗೂ ಒಂದೇ ಐಪಿ ವಿಳಾಸ ಎಂದ. ಅಪ್ಪ ಎಂದೋ ಪ್ರಿಂಟರಿಗೆ 192.168.0.10 ಎಂದು ಕೈಯಾರೆ ಬರೆದಿಟ್ಟಿದ್ದರು. ಉಳಿದವಕ್ಕೆ ತಾತ್ಕಾಲಿಕ ವಿಳಾಸ ಹಂಚುವ ರೂಟರಿನ ಡಿಎಚ್‌ಸಿಪಿ, ಅದು ತಿಳಿಯದೆ, ಅದೇ ಅಂಕಿಯನ್ನು ಟಿವಿಗೂ ಕೊಟ್ಟಿತ್ತು.

ಮಾವನವರು ಕುರ್ಚಿಯಲ್ಲಿ ನೆಟ್ಟಗಾದರು. "ಹಳ್ಳಿಖೇಡ (ಬಿ), ಹಳ್ಳಿಖೇಡ (ಕೆ) ಅಂತ ಸುಮ್ಮ ಬರೀತಾರೇನು? ಕಂಸ ಬಿಟ್ರ ಮನಿಆರ್ಡರ್ ಯಾರ ಮನಿಗಿ ಹೋಗ್ತದೋ ಏನೋ. ತಾ ಇಲ್ಲಿ, ಅಡ್ರೆಸ್ ನಾ ಕೊಡ್ತೀನಿ." ಕೊಟ್ಟದ್ದು 585328, ಭಾಲ್ಕಿಯ ಪಿನ್‌ಕೋಡ್. ಮೊದಲ ಖಾನೆಗೆ 585 ಬಿದ್ದೊಡನೆ ಕೆಂಪು. ಔರಾದ್ 585326 ಹಾಕಿದರೂ ಕೆಂಪು. ಬೀದರ್ 585401, ಅದೂ ಕೆಂಪು. 585 ಕಲಬುರಗಿಗೂ ಇರುವುದರಿಂದ ಪಕ್ಕದ ಜಿಲ್ಲೆಯೂ ಪುಕ್ಕಟೆಯಾಗಿ ತಿರಸ್ಕೃತ.

"ಮುತ್ಯಾ, ಒಂದು ಬಾಕ್ಸಿಗೆ ಎಂಟೇ ಬಿಟ್. 255 ದಾಟಂಗಿಲ್ಲ."

"ಯಾರ್ ಹೇಳ್ಯಾರ?"

ಮಗ ಫೋನ್ ನೋಡಿ, 1981ರ ನಿಯಮ ಎಂದ.

"ನಮ್ಮ ಪಿನ್ ಬಂದಿದ್ದು 1972, ಆಗಸ್ಟ್ 15. ಮಾಡ್ದವ್ರು ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತ ಪಂಡಿತ್ರು. ಸೀನಿಯಾರಿಟಿ ಯಾರ್ದು?"

ಮಗನ ಬಳಿ ಉತ್ತರವಿರಲಿಲ್ಲ. ಮಾವನವರು ಭಾಲ್ಕಿಗೆ ಫೋನ್ ಹಚ್ಚಿ, ನಡುರಾತ್ರಿ ತಮ್ಮನನ್ನು ಎಬ್ಬಿಸಿ, ಅವನ ರೂಟರಿನ ವಿಳಾಸ ಕೇಳಿದರು. ಅಲ್ಲೂ 192.168.0.1. ಮನೆಯೊಳಗಷ್ಟೇ ಬಳಸುವ ಅಂಕಿ, ಹೊರಗೆ ಹೋಗುವುದಿಲ್ಲ, ಯಾರು ಬೇಕಾದರೂ ಇಟ್ಟುಕೊಳ್ಳಬಹುದು ಎಂದು ಮಗ ಹೇಳಿದ. "ಇಬ್ರೂ ಅಣ್ಣತಮ್ಮಂದ್ರು ಒಂದೇ ಅಡ್ರೆಸ್‌ನಾಗ ಇದ್ದು ಮೂವತ್ತು ವರ್ಷ ಆಗಿತ್ತು" ಎಂದು ಮಾವನವರು ತುಸು ಮೆತ್ತಗಾದರು. ಅದೂ ಒಂದು ನಿಮಿಷ.

10ರಿಂದ ಶುರುವಾಗುವ ವಿಳಾಸಗಳೂ ಮನೆಬಳಕೆಯವೇ, ಅದರಲ್ಲಿ ಮುಂದಿನ ಮೂರೂ ಖಾನೆ ನಮ್ಮಿಷ್ಟ ಎಂದು ಮಗ ಕಂಡುಹಿಡಿದ. ಎರಡೆರಡಂಕಿಯಾಗಿ ಒಡೆದರೆ 10.58.53.28. ರೂಟರು ತೆಪ್ಪಗೆ ಒಪ್ಪಿತು. ರೂಟರೇ ಭಾಲ್ಕಿಯಾಯಿತು. ಅತ್ತೆಯ ತವರು ಔರಾದ್, ಹಾಗಾಗಿ ಅವರ ಟಿವಿಗೆ 10.58.53.26 ಕಾಯಂ. ಅರ್ಥಾತ್, ಧಾರಾವಾಹಿ ಇನ್ನು ತವರಿನಿಂದಲೇ ಬರುತ್ತದೆ. ಮೇಲಿನ ಕೋಣೆಯಿಂದ "ನೆಟ್ ಎಲ್ಲಿ ಹೋಯ್ತು?" ಎಂದು ಎಂಜಿನಿಯರ್ ಸಾಹೇಬರು ಕೂಗಿದ್ದನ್ನು ಯಾರೂ ಲೆಕ್ಕಕ್ಕಿಡಲಿಲ್ಲ.

ಇನ್ನು ನನ್ನ ಲ್ಯಾಪ್‌ಟಾಪು. ನಾನು ಬೀದರ್ ಪೇಟೆಯವಳು. 585401 ಒಡೆದರೆ 10.58.54.1, ಸೊನ್ನೆ ಕಳೆದುಹೋದದ್ದಕ್ಕೆ ಮಾವನವರು ಲೊಚಗುಟ್ಟಿದರು. ಆದರೆ ಯಾರು ಜಾಲದೊಳಗೆ ಎಂದು ತೀರ್ಮಾನಿಸುವ ಮಾಸ್ಕ್ 255.255.255.0 ಇದ್ದರೆ ಮೊದಲ ಮೂರೂ ಖಾನೆ ಹೊಂದಬೇಕು. ಭಾಲ್ಕಿ, ಔರಾದ್ 53ರವು, ನಾನು 54. ಅಂದರೆ ಜಾಲದ ಹೊರಗೆ. ನಮ್ಮ ಮನೆಯಲ್ಲಿ ಯಾರ ಊರೂ ಅಲ್ಲದ ಬಸವಕಲ್ಯಾಣ, 585327, ಒಳಗೆ! ಹುಮನಾಬಾದ್, 585330, ಅದೂ ಒಳಗೆ! ಜಿಲ್ಲಾ ಕೇಂದ್ರ ಬಾಗಿಲಲ್ಲಿ. ಬಹಮನಿ ಸುಲ್ತಾನರ ರಾಜಧಾನಿಗೆ ಬಂದ ಗತಿ ನೋಡಿ. ಅತ್ತೆ ನಕ್ಕದ್ದು ನನಗೆ ಕೇಳಿಸಿತು.

ಮಗ ಮಾಸ್ಕನ್ನು 255.255.254.0 ಮಾಡಿ ನೋಡಿದ. ಆಗಲೂ 52ಕ್ಕೆ 53 ಜೋಡಿ, 54ಕ್ಕೆ 55 ಜೋಡಿ. ಭಾಲ್ಕಿ ಒಂದು ಕಡೆ, ಬೀದರ್ ಇನ್ನೊಂದು ಕಡೆ. ಕೊನೆಗೆ 255.255.252.0, ಆಗ 52ರಿಂದ 55ರವರೆಗೆ ಎಲ್ಲರೂ ಒಳಗೆ. "ಬೀದರ್‌ದವ್ರು ಒಬ್ರು ಒಳಗ್ ಬರ್ಬೇಕಂದ್ರ ಸಾವಿರ ಮಂದಿಗಿ ಜಾಗಾ ಮಾಡ್ಬೇಕು" ಎಂದರು ಮಾವ. ಲೆಕ್ಕ ಸರಿಯೇ, 1,022 ವಿಳಾಸ ಬರುತ್ತವೆ. ಹಾಗೆಂದು ಸೊಸೆಗೆ ಹೇಳುವುದೇ?

ಪ್ರಿಂಟರು ಮಾತ್ರ ಇನ್ನೂ 192.168ರಲ್ಲೇ ಒಂಟಿಯಾಗಿ ಕೂತಿದೆ. ಹೋಂವರ್ಕ್ ಇಲ್ಲವೆಂದು ಮಗನಿಗೆ ಖುಷಿ, ದೃಷ್ಟಿ ಕಳೆಯಿತೆಂದು ಅತ್ತೆಗೆ.

ಮಾವನವರು ಎಲ್ಲ ವಿಳಾಸಗಳನ್ನೂ ಅಂಚೆಕಚೇರಿಯ ದುಂಡಗಿನ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದರು. ನನ್ನದೇ ಮೊದಲು. "ಜಿಲ್ಲಾ ಸ್ಥಾನ ಅದಲ್ಲವ್ವಾ" ಎಂದರು, ನನ್ನ ಮುಖ ನೋಡದೆ.

ಆ ಪಟ್ಟಿಯಲ್ಲಿ ಮಾವನವರ ಸ್ವಂತ ಮಗನ ಹೆಸರೇ ಇಲ್ಲ. ಕೆಳಗಿಳಿದು ಬಂದ ನನ್ನ ಗಂಡ, ಭಾಲ್ಕಿಯಲ್ಲೇ ಹುಟ್ಟಿದವರು, ಅಪ್ಪನ ಎದುರು ನಿಂತು ಕೇಳಿದರು: "ನನಗ ಯಾವ ಅಡ್ರೆಸ್?"

"ನಿನಗ್ಯಾಕ್ ಕಾಯಂ? ಎರಡ್ ವರ್ಷಕ್ಕೊಂದ್ ಮನಿ ಬದಲ್ ಮಾಡ್ತಿ. ಡಿಎಚ್‌ಸಿಪಿದಾಗ ಹಾಕೀನಿ. ಇಪ್ಪತ್ನಾಲ್ಕ್ ತಾಸಿನ ಲೀಸ್ ಅದ, ಮುಗದ್ ಮ್ಯಾಲ ಬಂದ್ ಕೇಳು, ಕೊಡ್ತೀನಿ."