ಗೋಧಿ ಆಗದವರು

ಗೋಧಿ ಆಗದವರು ಹುಟ್ಟುವುದಾದರೆ ಕರ್ನಾಟಕದಲ್ಲೇ ಹುಟ್ಟಬೇಕು. ಮೈಸೂರು ಸೀಮೆಗೆ ಮುದ್ದೆ, ಉತ್ತರಕ್ಕೆ ಜೋಳದ ರೊಟ್ಟಿ, ಕರಾವಳಿಗೆ ನೀರುದೋಸೆ. ಉಪವಾಸ ಬೀಳುವ ಪ್ರಶ್ನೆಯೇ ಇಲ್ಲ. ಆದರೂ ಯಾವ ಸಮಾರಂಭದಲ್ಲಾದರೂ ಇವರನ್ನು ಗುರುತಿಸುವುದು ಸುಲಭ. ತಟ್ಟೆ ಕೈಗೆ ಬಂದೊಡನೆ ಉಳಿದವರು ತಿನ್ನಲು ತೊಡಗಿದರೆ ಇವರು ವಿಚಾರಣೆಗೆ ತೊಡಗುತ್ತಾರೆ: "ಇದಕ್ಕೆ ಏನೇನು ಹಾಕಿದ್ದೀರಿ?"

ಕಾಯಿಲೆಯ ವಿವರಣೆ ಸರಳ. ಗೋಧಿಯಲ್ಲಿರುವ ಪ್ರೋಟೀನನ್ನು ದೇಹದ ರಕ್ಷಣಾ ವ್ಯವಸ್ಥೆ ಶತ್ರುವೆಂದು ತಿಳಿದು ಅದರ ಮೇಲೆ ಬೀಳುತ್ತದೆ. ದದ್ದು, ತುರಿಕೆ, ವಾಂತಿ. ಕೆಲವರಿಗೆ ಉಸಿರು ಕಟ್ಟಿ ಜೀವಕ್ಕೇ ಅಪಾಯ. ಸೀಲಿಯಾಕ್ ಇದಲ್ಲ, ಅದು ಗ್ಲುಟೆನ್‌ನಿಂದ ಸಣ್ಣ ಕರುಳು ಹಾಳಾಗುವ ರೋಗ, ಅದಕ್ಕೆ ಬಾರ್ಲಿಯೂ ವರ್ಜ್ಯ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಹಾಲೆಂಡಿನಲ್ಲಿ ಬ್ರೆಡ್ಡಿಗೆ ಬರ ಬಂದಾಗ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡದ್ದನ್ನು ನೋಡಿ ವೈದ್ಯ ವಿಲ್ಲೆಮ್ ಡಿಕೆಗೆ ಗೋಧಿಯ ಮೇಲಿದ್ದ ಅನುಮಾನ ಬಲವಾಯಿತು. ಅದೇ ಯುದ್ಧದ ಕಾಲಕ್ಕೆ ಬೆಂಗಳೂರಿನಲ್ಲಿ ಅಕ್ಕಿಗೆ ಬರ ಬಂದಾಗ ಎಂಟಿಆರ್‌ನವರು ರವೆ ಇಡ್ಲಿ ಮಾಡಿದರೆಂದು ಹೇಳುತ್ತಾರೆ. ಒಂದೇ ಯುದ್ಧ ಅಲ್ಲಿಯವರನ್ನು ಕಾಪಾಡಿ, ಇಲ್ಲಿಯವರಿಗೆ ಇನ್ನೊಂದು ಗಂಡಾಂತರ ತಂದಿಟ್ಟಿತು.

ರವೆಯೇ ಎಲ್ಲ ಸಂಕಟದ ಮೂಲ. ಗೋಧಿ ಎಂದರೆ ಚಪಾತಿ, ಚಪಾತಿ ಬಿಟ್ಟರೆ ಪೂರಿ ಎಂಬುದು ನಮ್ಮ ಅಡುಗೆಮನೆಗಳ ದೃಢ ನಂಬಿಕೆ. "ಅಯ್ಯೋ, ಚಪಾತಿ ಆಗಲ್ವಾ? ಪಾಪ! ಇರಿ, ಬಿಸಿಯಾಗಿ ಒಂದಿಷ್ಟು ಉಪ್ಪಿಟ್ಟು ಮಾಡ್ಬಿಡ್ತೀನಿ" ಎನ್ನುತ್ತಾ ಮನೆಯಾಕೆ ಒಳಗೆ ಹೋಗಿಯೇ ಬಿಡುತ್ತಾರೆ. ರವೆಯೂ ಗೋಧಿಯೇ ಎಂದರೆ ಅತಿಥಿ ಸಂಕೋಚಕ್ಕೆ ಹಾಗನ್ನುತ್ತಿದ್ದಾರೆಂದು ತಿಳಿದು ತುಪ್ಪ ಹೆಚ್ಚು ಹಾಕುತ್ತಾರೆ. ಕೇಸರಿಬಾತು, ಶಾವಿಗೆ, ಮದ್ದೂರು ವಡೆ, ಗೋಳಿಬಜೆ, ಚಿರೋಟಿ ಎಲ್ಲವೂ ಇದೇ ಮನೆತನದವು. ತೀರಾ ಕಳ್ಳನೆಂದರೆ ಇಂಗು: ಡಬ್ಬಿಯ ಇಂಗಿಗೆ ಹಲವು ವೇಳೆ ಮೈದಾ ಬೆರೆಸಿರುತ್ತಾರೆ, ಹಾಗಾಗಿ ಅನ್ನ ತಿಳಿಸಾರನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ಸಲಹೆಗಾರರು ಧಾರಾಳ. ಧಾರವಾಡದ ಕಡೆಯವರು "ಜವೆಗೋಧಿ ತಿನ್ರಿ, ಏನೂ ಆಗಂಗಿಲ್ಲ" ಎಂದು ಅಭಯ ಕೊಡುತ್ತಾರೆ, ಅದೂ ಗೋಧಿಯೇ. ಅಂಗಡಿಯಲ್ಲಿ ಈ ಜನ ಪೊಟ್ಟಣದ ಹಿಂಭಾಗವನ್ನು ಮಾತ್ರ ಓದುತ್ತಾರೆ. ರಾಗಿ ಬಿಸ್ಕತ್ತಿನ ಮುಂಭಾಗದಲ್ಲಿ ತೆನೆಯ ಚಿತ್ರವಿದ್ದರೆ ಹಿಂಭಾಗದ ಸಣ್ಣಕ್ಷರದಲ್ಲಿ, ಬಹಳ ಸಲ ರಾಗಿಗಿಂತ ಮುಂಚೆಯೇ, ಗೋಧಿ ಹಿಟ್ಟು ಕೂತಿರುತ್ತದೆ. ಒಂದು ಕಿಲೋಗೆ 20 ಮಿಲಿಗ್ರಾಂ ಮೀರದಂತೆ ಗ್ಲುಟೆನ್ ಇದ್ದರೆ ಅದಕ್ಕೆ 'ಗ್ಲುಟೆನ್‌ರಹಿತ' ಎಂಬ ಹೆಸರು, ಜೊತೆಗೆ ಬೆರಗಾಗುವಂಥ ಬೆಲೆ. ಒಳಗಿರುವುದು ಅನೇಕ ಸಲ ಅಕ್ಕಿ ಹಿಟ್ಟು.

ಸತ್ಯನಾರಾಯಣ ಪೂಜೆಯ ಸಜ್ಜಿಗೆಯನ್ನು ಬೇಡವೆನ್ನುವ ಧೈರ್ಯ ಇವರಲ್ಲಿ ಯಾರಿಗೂ ಇಲ್ಲ. ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ಹತ್ತಿರದ ಮಗುವಿಗೆ ಅತಿಶಯ ಪ್ರೀತಿಯಿಂದ ದಾಟಿಸುತ್ತಾರೆ.

ಮದುವೆಯ ಪಂಕ್ತಿಯಲ್ಲಿ ಮಕ್ಕಳ ಸಹಾಯ ಸಿಗುವುದಿಲ್ಲ. ಹೋಳಿಗೆ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು "ಗೋಧಿ ಅಲರ್ಜಿ" ಎಂದರೆ, ಬಡಿಸುವವರು "ಇದು ಬೇಳೆ ಹೋಳಿಗೆ ಸಾರ್" ಎಂದು ಬೆರಳ ಸಂದಿಯಿಂದಲೇ ಒಂದನ್ನು ಜಾರಿಸುತ್ತಾರೆ. ಆದ್ದರಿಂದ ನುರಿತವರು "ಶುಗರ್ ಇದೆ" ಎನ್ನುತ್ತಾರೆ. ಶುಗರಿಗೆ ಸಮಾಜದಲ್ಲಿ ಮರ್ಯಾದೆಯಿದೆ. ಹೋಳಿಗೆ ಮರುಮಾತಿಲ್ಲದೆ ಮುಂದೆ ಹೋಗುತ್ತದೆ. ಹಿಂದೆಯೇ ಬರುವ ಗಸಗಸೆ ಪಾಯಸಕ್ಕೆ ಗೋಧಿಯ ಸೋಂಕಿಲ್ಲ, ಎರಡು ಲೋಟ ಕುಡಿಯಬಹುದಿತ್ತು. ಅಷ್ಟರಲ್ಲಿ ಪಕ್ಕದ ಎಲೆಯ ಹಿರಿಯರು "ಇವರಿಗೆ ಹಾಕಬೇಡಪ್ಪಾ, ಶುಗರ್ರು" ಎಂದು ಕಾಳಜಿಯಿಂದ ತಡೆಯುತ್ತಾರೆ. ಅಲ್ಲಿಗೂ ನಿಲ್ಲಿಸದೆ, ಅನ್ನದ ಪಾತ್ರೆಯನ್ನೂ ಕೈಸನ್ನೆಯಲ್ಲೇ ಹಿಂದಕ್ಕೆ ಕಳಿಸಿ, ಅಡುಗೆಮನೆಯ ಕಡೆ ಕೂಗುತ್ತಾರೆ: "ಇಲ್ಲಿ ಒಬ್ಬರಿಗೆ ಎರಡು ಚಪಾತಿ!"